ಶಿಕ್ಷಣ ಸಾಲ ಬೇಗ ತೀರಿಸಿದಿರಾ? ಆಮೇಲೆ ಬರುವ ತಕರಾರು ಬಿಡಿಸಿಕೊಳ್ಳುವ ಬಗೆ

ನಾನು ಇಂಜಿನಿಯರಿಂಗ್ ಓದಿಗೆ ಮಾಡಿದ ಸಾಲ ತೀರಿಸಿದ್ದು 2018ರಲ್ಲಿ. ಇನ್ನೂ ಮೂರು ವರ್ಷದ ಕಂತು ಬಾಕಿ ಇತ್ತು. ಕೈಗೆ ಒಂದಿಷ್ಟು ದುಡ್ಡು ಬಂತಲ್ಲ ಅಂತ ಒಂದೇ ಸಲಕ್ಕೆ 3,80,000 ರೂಪಾಯಿ ಕಟ್ಟಿಬಿಟ್ಟೆ. ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತೇ ಅಪ್ಪನಿಗೆ ಫೋನ್ ಮಾಡಿ "ಸಾಲ ತೀರಿತಪ್ಪಾ" ಅಂದೆ.

2021ರಲ್ಲಿ ಮನೆ ಸಾಲಕ್ಕೆ ಬೇರೊಂದು ಬ್ಯಾಂಕಿಗೆ ಹೋದೆ. ಅಲ್ಲಿನ ಮೇಡಂ ಕಂಪ್ಯೂಟರ್ ನೋಡುತ್ತಾ ಕೇಳಿದರು, "ನಿಮ್ಮದೊಂದು ಎಜುಕೇಶನ್ ಲೋನ್ ಓವರ್‌ಡ್ಯೂ ತೋರಿಸ್ತಾ ಇದೆಯಲ್ಲ ಸರ್?"

ಆ ಬಾಕಿ ಹುಟ್ಟಿದ್ದು 219 ರೂಪಾಯಿಯಿಂದ. ಮಂಗಳವಾರ "ಬಾಕಿ ಎಷ್ಟು?" ಅಂತ ಕೌಂಟರಿನಲ್ಲಿ ಕೇಳಿ, ಅವರು ಹೇಳಿದಷ್ಟಕ್ಕೆ ಚೆಕ್ ಬರೆದಿದ್ದೆ. ಚೆಕ್ ಪಾಸಾಗಿ ಸಾಲದ ಖಾತೆಗೆ ಜಮೆ ಆಗಿದ್ದು ಗುರುವಾರ. ಮಧ್ಯದ ಎರಡು ದಿನದ ಬಡ್ಡಿ ಹಾಗೇ ಉಳಿಯಿತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರು ವರ್ಷದಲ್ಲಿ ಅದಕ್ಕೆ ದಂಡ ಸೇರುತ್ತಾ ಹೋಗಿ, ಕ್ರೆಡಿಟ್ ವರದಿಯಲ್ಲಿ, ಅಂದರೆ ಯಾರು ಸಾಲ ಹೇಗೆ ಕಟ್ಟಿದರು ಎಂಬ ದಾಖಲೆಯಲ್ಲಿ, ನನ್ನ ಹೆಸರಿನ ಮುಂದೆ ಸಾಲ ಕಟ್ಟದವನು ಎಂಬ ಗುರುತು ಬಿದ್ದಿತ್ತು.

ಆ ಎರಡು ತಿಂಗಳ ಓಡಾಟದಲ್ಲಿ ನನಗೆ ಅರ್ಥವಾದದ್ದು ಇಷ್ಟೇ: ದುಡ್ಡು ಕಟ್ಟುವುದು ಒಂದು ಕೆಲಸ, ಖಾತೆ ಮುಚ್ಚಿಸುವುದು ಇನ್ನೊಂದು ಕೆಲಸ. ಅವಧಿ ಮುಗಿಯುವ ತನಕ ಕಂತು ಕಟ್ಟಿದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಆಗುತ್ತವೆ. ಮುಂಚೆಯೇ ತೀರಿಸಿದವರಿಗೆ ಮಾತ್ರ ಎರಡನೆಯದನ್ನು ಬೆನ್ನು ಹತ್ತಿ ಮಾಡಿಸಿಕೊಳ್ಳಬೇಕು.

ಹಂತ 1: ಕಾಗದ ಒಟ್ಟು ಮಾಡಿ

ಜಗಳಕ್ಕೆ ಹೋಗುವ ಮುಂಚೆ ಒಂದು ಫೈಲ್ ಮಾಡಿ. ಸಾಲ ಮಂಜೂರಾದ ಪತ್ರ, ಸಾಲದ ಒಪ್ಪಂದ, ಸಾಲ ಶುರುವಾದಾಗಿನಿಂದ ಇವತ್ತಿನ ತನಕದ ಪೂರ್ತಿ ಸ್ಟೇಟ್‌ಮೆಂಟ್, ಕೊನೆಯ ಪಾವತಿಯ ರಸೀದಿ ಅಥವಾ ಯುಟಿಆರ್ ನಂಬರ್ (ದುಡ್ಡು ವರ್ಗಾವಣೆಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ), ದುಡ್ಡು ಹೋದ ನಿಮ್ಮ ಉಳಿತಾಯ ಖಾತೆಯ ಸ್ಟೇಟ್‌ಮೆಂಟ್. ಬ್ಯಾಂಕಿನವರು ಬಾಕಿ ಮೊತ್ತ ತಿಳಿಸಿ ಪತ್ರವೋ ಮೇಲೋ ಕಳಿಸಿದ್ದರೆ ಅದು ಎಲ್ಲಕ್ಕಿಂತ ಮುಖ್ಯ.

ಸಾಲ 2024ರ ಅಕ್ಟೋಬರ್ 1 ಅಥವಾ ಆಮೇಲೆ ಮಂಜೂರಾಗಿದ್ದರೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅಂತ ಒಂದು ಹಾಳೆ ಕೊಟ್ಟಿರುತ್ತಾರೆ. ಬಡ್ಡಿ, ಶುಲ್ಕ, ದಂಡ ಎಲ್ಲ ಅದರಲ್ಲಿ ಇರಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ.

ಒಂದು ಎಚ್ಚರಿಕೆ. ಖಾತೆ ಮುಚ್ಚಿದ ಕೂಡಲೇ ಕೆಲವು ಆಪ್‌ಗಳಲ್ಲಿ, ನೆಟ್ ಬ್ಯಾಂಕಿಂಗ್‌ನಲ್ಲಿ ಆ ಸಾಲವೇ ಕಾಣಿಸುವುದಿಲ್ಲ. ಆಮೇಲೆ ಸ್ಟೇಟ್‌ಮೆಂಟ್‌ಗೂ ಶಾಖೆಗೆ ಅಲೆಯಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಶಿಕ್ಷಣ ಸಾಲದ ಬಡ್ಡಿಗೆ ವಿನಾಯಿತಿ ಕೇಳುವವರಿಗೆ ಬಡ್ಡಿ ಸರ್ಟಿಫಿಕೇಟೂ ಬೇಕು. ಇನ್ನೂ ಸಾಲ ತೀರಿಸಿಲ್ಲದವರು ಇದನ್ನೆಲ್ಲ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ನಮ್ಮ ಕಡೆಯ ಹಳೆಯ ಸಾಲಗಾರರಿಗೆ ಇನ್ನೊಂದು ತೊಡಕಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಹೀಗೆ ಸೇರಿದಾಗ ಶಾಖೆ ಬೇರೆ ಕಡೆ ಹೋಗಿರಬಹುದು, ಖಾತೆ ನಂಬರೇ ಬದಲಾಗಿರಬಹುದು. ಹಳೆಯ ನಂಬರ್, ಹೊಸ ನಂಬರ್ ಎರಡನ್ನೂ ಪ್ರತಿ ಪತ್ರದಲ್ಲೂ ಬರೆಯಿರಿ. "ಆ ಸಾಲ ನಮ್ಮ ಸಿಸ್ಟಮ್‌ನಲ್ಲಿ ಇಲ್ಲ" ಅನ್ನುವುದು ಉತ್ತರವೇ ಅಲ್ಲ. ಸೇರಿಸಿಕೊಂಡ ಬ್ಯಾಂಕಿಗೆ ಆಸ್ತಿಯ ಜೊತೆ ಹೊಣೆಯೂ ಬಂದಿರುತ್ತದೆ.

ಹಂತ 2: ಸ್ಟೇಟ್‌ಮೆಂಟ್ ಓದಿ, ತಪ್ಪು ಎಲ್ಲಿದೆ ನೋಡಿ

ಪೆನ್ಸಿಲ್ ಹಿಡಿದು ಕೊನೆಯ ಆರು ತಿಂಗಳ ಸಾಲುಗಳನ್ನು ಒಂದೊಂದಾಗಿ ನೋಡಿ. ಬಹುಪಾಲು ತಕರಾರು ಅಲ್ಲೇ ಸಿಗುತ್ತದೆ.

ಮೊದಲನೆಯದು ನನ್ನ ಹಾಗೆ ಚಿಲ್ಲರೆ ಬಾಕಿ. ಲೆಕ್ಕ ಸುಲಭ. ಉಳಿದ ಸಾಲವನ್ನು ವರ್ಷದ ಬಡ್ಡಿ ದರದಿಂದ ಗುಣಿಸಿ 365ರಿಂದ ಭಾಗಿಸಿದರೆ ಒಂದು ದಿನದ ಬಡ್ಡಿ. ನನ್ನದು 3,80,000 ರೂಪಾಯಿಗೆ ಶೇ. 10.5. ವರ್ಷಕ್ಕೆ 39,900. ದಿನಕ್ಕೆ ಸುಮಾರು 109 ರೂಪಾಯಿ 30 ಪೈಸೆ. ಎರಡು ದಿನಕ್ಕೆ 219. ಬ್ಯಾಂಕಿನ ಬಡ್ಡಿ ಲೆಕ್ಕ ತಪ್ಪಿರಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಅವರ ತಪ್ಪು ಬೇರೆ. ಖಾತೆ ಮುಚ್ಚಲು ಅರ್ಜಿ ಕೊಟ್ಟವನಿಗೆ "ಇನ್ನಿಷ್ಟು ಕಟ್ಟಿ" ಅಂತ ಒಂದು ಸಾಲು ಬರೆದು ತಿಳಿಸದೆ, ಮೂರು ವರ್ಷ ಬಿಟ್ಟು ಓವರ್‌ಡ್ಯೂ ಅಂತ ವರದಿ ಮಾಡಿದ್ದು.

ಈ ರೀತಿಯ ಚಿಲ್ಲರೆ ಬಾಕಿ ಇದ್ದರೆ ಹಠ ಹಿಡಿಯಬೇಡಿ. ನಿಜವಾದ ಬಡ್ಡಿಯನ್ನು ಇವತ್ತೇ ಕಟ್ಟಿ, "ದಂಡ ಮತ್ತು ಕ್ರೆಡಿಟ್ ವರದಿಯ ತಪ್ಪಿನ ಬಗ್ಗೆ ನನ್ನ ತಕರಾರು ಉಳಿಸಿಕೊಂಡು ಕಟ್ಟುತ್ತಿದ್ದೇನೆ" ಅಂತ ಬರೆದು ಕೊಡಿ. 219 ರೂಪಾಯಿ ಉಳಿಸಲು ಹೋಗಿ ಮನೆ ಸಾಲ ಎರಡು ತಿಂಗಳು ತಡವಾದರೆ ಯಾರಿಗೆ ನಷ್ಟ ಹೇಳಿ.

ಎರಡನೆಯದು ಸ್ವಲ್ಪ ಸೂಕ್ಷ್ಮ. ಪೂರ್ತಿ ತೀರಿಸದೆ, ಮಧ್ಯೆ ಮಧ್ಯೆ ದೊಡ್ಡ ಮೊತ್ತ ಕಟ್ಟಿದವರು ಇದನ್ನು ನೋಡಲೇಬೇಕು. ನಿಮ್ಮ ಲೆಕ್ಕದಲ್ಲಿ ಆ ದುಡ್ಡು ಅಸಲಿಗೆ ಹೋಗಿದೆ. ಅವರ ಲೆಕ್ಕದಲ್ಲಿ ಅದು ಮುಂದಿನ ಕಂತುಗಳಿಗೆ ಮುಂಗಡ. ಕೆಲವು ಫೈನಾನ್ಸ್ ಕಂಪನಿಗಳಲ್ಲಿ ಇದು ಜಾಸ್ತಿ ಕಾಣುತ್ತದೆ.

ಪತ್ತೆ ಹಚ್ಚುವುದು ಹೀಗೆ. 6,00,000 ಬಾಕಿ ಇದೆ, ಬಡ್ಡಿ ಶೇ. 10.5 ಅಂತ ಇಟ್ಟುಕೊಳ್ಳಿ. ಒಂದು ತಿಂಗಳ ಬಡ್ಡಿ 5,250 ರೂಪಾಯಿ. ನೀವು 2,00,000 ಕಟ್ಟಿದ ಮೇಲೆ ಅಸಲು 4,00,000 ಆಗಬೇಕು, ಮುಂದಿನ ತಿಂಗಳ ಬಡ್ಡಿ 3,500ಕ್ಕೆ ಇಳಿಯಬೇಕು. ಬಡ್ಡಿಯ ಸಾಲಿನಲ್ಲಿ ಮತ್ತೆ 5,250ರ ಆಸುಪಾಸೇ ಇದ್ದರೆ ನಿಮ್ಮ ದುಡ್ಡು ಅಸಲಿಗೆ ಹೋಗಿಲ್ಲ, ಸುಮ್ನೆ ಕೂತಿದೆ. ತಿಂಗಳಿಗೆ 1,750 ರೂಪಾಯಿ ಸೋರುತ್ತಿದೆ. ದುಡ್ಡು ಕಟ್ಟಿದ ತಾರೀಖಿನಿಂದಲೇ ಅಸಲಿಗೆ ಹಾಕಿ ಲೆಕ್ಕ ಮತ್ತೆ ಮಾಡಿ, ಜಾಸ್ತಿ ತೆಗೆದುಕೊಂಡ ಬಡ್ಡಿ ವಾಪಸ್ ಕೊಡಿ ಅಂತ ಕೇಳಬೇಕು. ಕಟ್ಟುವಾಗಲೇ "ಅಸಲಿಗೆ ಜಮೆ ಮಾಡಿ" ಅಂತ ಮೇಲ್ ಹಾಕಿದ್ದರೆ ನಿಮ್ಮ ಕೈ ಗಟ್ಟಿ. ಹಾಕಿಲ್ಲದಿದ್ದರೂ ಕೇಳಿ.

ಮೂರನೆಯದು, ಬಡ್ಡಿಯ ಮೇಲೆ ಬಡ್ಡಿ. ಬ್ಯಾಂಕುಗಳ ಸಂಘ ಐಬಿಎ ರೂಪಿಸಿದ ಮಾದರಿಯ ಶಿಕ್ಷಣ ಸಾಲದಲ್ಲಿ ಓದುವ ಅವಧಿಗೂ, ಆಮೇಲೆ ಕಂತು ಕಟ್ಟಬೇಕಿಲ್ಲದ ರಜೆಯ ಅವಧಿಗೂ ಸರಳ ಬಡ್ಡಿ. ಕಂತು ಶುರುವಾಗುವಾಗ ಅದನ್ನು ಅಸಲಿಗೆ ಸೇರಿಸುತ್ತಾರೆ. ಅದಕ್ಕೂ ಮುಂಚೆಯೇ ತಿಂಗಳು ತಿಂಗಳು ಬಡ್ಡಿಯನ್ನು ಅಸಲಿಗೆ ಸೇರಿಸಿದ್ದರೆ ಒಪ್ಪಂದ ತೆಗೆದು ಹೋಲಿಸಿ.

ಹಂತ 3: ಬೇಗ ತೀರಿಸಿದ್ದಕ್ಕೆ ಶುಲ್ಕ ಹಾಕಿದ್ದಾರಾ?

"ಪ್ರೀಕ್ಲೋಶರ್ ಚಾರ್ಜ್ ಎರಡು ಪರ್ಸೆಂಟ್ ಆಗುತ್ತೆ ಸರ್, ಸಿಸ್ಟಮ್ ತಾನಾಗೇ ತಗೊಳ್ಳುತ್ತೆ." ಈ ಮಾತು ಕೇಳಿ ಸುಮ್ಮನೆ ಕಟ್ಟಿ ಬಂದವರು ಬಹಳ ಜನ ಇದ್ದಾರೆ.

ನಿಮ್ಮ ಸಾಲ ಫ್ಲೋಟಿಂಗ್ ದರದ್ದಾ (ಬಡ್ಡಿ ಏರಿಳಿಯುವಂಥದ್ದು), ಫಿಕ್ಸೆಡ್ ದರದ್ದಾ (ಬಡ್ಡಿ ಬದಲಾಗದ್ದು) ನೋಡಿ. ಫ್ಲೋಟಿಂಗ್ ಆಗಿದ್ದರೆ ವ್ಯಕ್ತಿಗಳ ಅವಧಿ ಸಾಲಕ್ಕೆ ಈ ಶುಲ್ಕ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಬ್ಯಾಂಕುಗಳಿಗೂ ಫೈನಾನ್ಸ್ ಕಂಪನಿಗಳಿಗೂ ಹೇಳಿದೆ. "ನಿಮ್ಮ ತಂದೆ ಸಹ ಸಾಲಗಾರರು, ಹಾಗಾಗಿ ಅನ್ವಯಿಸಲ್ಲ" ಅನ್ನುವವರಿಗೆ 2019ರ ಆಗಸ್ಟ್‌ನ ಸ್ಪಷ್ಟನೆ ತೋರಿಸಿ. ವ್ಯಾಪಾರಕ್ಕಲ್ಲದ ಸಾಲವಾದರೆ ಸಹ ಸಾಲಗಾರ ಇದ್ದರೂ ಇಲ್ಲದಿದ್ದರೂ ಒಂದೇ ನಿಯಮ. 2025ರ ಜುಲೈ 2ರಂದು ಹೊರಡಿಸಿದ ನಿರ್ದೇಶನ ಇದನ್ನು ಇನ್ನೂ ಗಟ್ಟಿ ಮಾಡಿದೆ. 2026ರ ಜನವರಿ 1 ಅಥವಾ ಆಮೇಲೆ ಮಂಜೂರಾದ ಇಲ್ಲವೇ ನವೀಕರಿಸಿದ ಸಾಲಗಳಿಗೆ ಅದು ಅನ್ವಯ. ದುಡ್ಡು ಎಲ್ಲಿಂದ ಬಂತು ಎಂಬುದು ಲೆಕ್ಕಕ್ಕಿಲ್ಲ, ಇಷ್ಟು ದಿನ ಕಟ್ಟಲೇಬೇಕು ಎಂಬ ಲಾಕ್-ಇನ್ ಇಲ್ಲ. ಮೊದಲು ಫಿಕ್ಸೆಡ್, ಆಮೇಲೆ ಫ್ಲೋಟಿಂಗ್ ಆಗುವ ಮಿಶ್ರ ಸಾಲವಾದರೆ ನೀವು ತೀರಿಸುವ ದಿನ ಯಾವ ದರದಲ್ಲಿತ್ತು ಎಂಬುದೇ ಮುಖ್ಯ.

ಪೂರ್ತಿ ಫಿಕ್ಸೆಡ್ ದರದ ಸಾಲವಾದರೆ ಕತೆ ಬೇರೆ. ಒಪ್ಪಂದದಲ್ಲಿ ಬರೆದಿದ್ದರೆ ಶುಲ್ಕ ಬರಬಹುದು. ಆಗ ವಾದ ಮಾಡಲು ಉಳಿಯುವುದು ಎರಡೇ: ಬರೆದಷ್ಟೇ ಹಾಕಿದ್ದಾರಾ, ಮೊದಲೇ ತಿಳಿಸಿದ್ದರಾ.

ಶುಲ್ಕ ಕಟ್ಟಿಯಾಗಿದೆ ಅಂತ ಬಿಡಬೇಡಿ. ಕಟ್ಟಿದ ಮೇಲೂ ವಾಪಸ್ ಕೇಳಬಹುದು.

ಹಂತ 4: ಒಂದು ಪತ್ರ ಬರೆಯಿರಿ, ಸೀಲು ಹಾಕಿಸಿಕೊಳ್ಳಿ

ನಾನು ಮೊದಲ ಮೂರು ವಾರ ಹಾಳು ಮಾಡಿದ್ದು ಇಲ್ಲೇ. ದಿನಾ ಫೋನ್ ಮಾಡಿದೆ, ಎರಡು ಸಲ ಶಾಖೆಗೆ ಹೋಗಿ ಕುಳಿತೆ. ಮ್ಯಾನೇಜರ್ ಒಳ್ಳೆಯವರೇ, ಕಾಫಿ ಕೊಟ್ಟರು, "ನೋಡ್ತೀನಿ, ನೀವು ಹೋಗಿ" ಅಂದರು. ಮುಂದಿನ ವಾರ ಹೋದಾಗ ಅವರಿಗೆ ವರ್ಗ ಆಗಿತ್ತು. ಹೊಸಬರಿಗೆ ನಾನು ಯಾರು, ಏನು ಕೇಳಿದ್ದೆ ಒಂದೂ ಗೊತ್ತಿಲ್ಲ. ಬಾಯಲ್ಲಿ ಹೇಳಿದ್ದಕ್ಕೆ ತಾರೀಖು ಇರುವುದಿಲ್ಲ. ಮುಂದೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಕಡೆ ಹೋಗುವುದಾದರೆ ಬೇಕಾಗುವುದು ಆ ತಾರೀಖೇ.

ಪತ್ರ ಉದ್ದ ಇರಬೇಕಿಲ್ಲ. ಸಿಟ್ಟನ್ನು ಮನೆಯಲ್ಲೇ ಬಿಟ್ಟು ಬನ್ನಿ. ಹೀಗಿದ್ದರೆ ಸಾಕು:

"ಇವರಿಗೆ, ಶಾಖಾ ವ್ಯವಸ್ಥಾಪಕರು. ವಿಷಯ: ಶಿಕ್ಷಣ ಸಾಲ ಖಾತೆ ಸಂಖ್ಯೆ ಇಂಥದ್ದು, ಪೂರ್ತಿ ತೀರಿಸಿದ ಬಗ್ಗೆ ಮತ್ತು ಖಾತೆ ಮುಚ್ಚುವ ಬಗ್ಗೆ ದೂರು. ಮಾನ್ಯರೇ, ಮೇಲಿನ ಸಾಲವನ್ನು ಇಂಥ ದಿನಾಂಕದಂದು ಇಷ್ಟು ರೂಪಾಯಿ ಕಟ್ಟಿ ಅವಧಿಗೆ ಮುಂಚೆ ತೀರಿಸಿದ್ದೇನೆ. ಯುಟಿಆರ್ ಸಂಖ್ಯೆ ಇದು. ಆದರೂ ಖಾತೆಯಲ್ಲಿ ಇಷ್ಟು ಬಾಕಿ ತೋರಿಸುತ್ತಿದೆ. ದಯವಿಟ್ಟು ಒಂದು, ಈ ಬಾಕಿ ಹೇಗೆ ಬಂತು ಎಂಬ ದಿನವಾರು ಲೆಕ್ಕ ಕೊಡಿ. ಎರಡು, ಖಾತೆ ಮುಚ್ಚಿ ಸಾಲ ತೀರುವಳಿ ಪತ್ರ ಕೊಡಿ. ಮೂರು, ಎಲ್ಲ ಕ್ರೆಡಿಟ್ ಮಾಹಿತಿ ಕಂಪನಿಗಳಿಗೂ ನನ್ನ ಮತ್ತು ಸಹ ಸಾಲಗಾರರ ಹೆಸರಿನಲ್ಲಿ ತಿದ್ದುಪಡಿ ಕಳಿಸಿ. ಇದಕ್ಕೆ ಲಿಖಿತ ಉತ್ತರ ಬೇಕು."

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದು ಅವರಿಗೆ. ಇನ್ನೊಂದರ ಮೇಲೆ ಶಾಖೆಯ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಹಿಂದೆ ಮುಂದೆ ನೋಡಿದರೆ ಜಗಳ ಬೇಡ. ಹತ್ತಿರದ ಪೋಸ್ಟ್ ಆಫೀಸಿಗೆ ಹೋಗಿ ರಿಜಿಸ್ಟರ್ ಆಗುವ ಹಾಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದೇ ಪತ್ರವನ್ನು ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೂ ಮೇಲ್ ಮಾಡಿ ದೂರು ಸಂಖ್ಯೆ ತೆಗೆದುಕೊಳ್ಳಿ. ಈ ದಿನದಿಂದ 30 ದಿನ ಎಣಿಸಲು ಶುರು ಮಾಡಿ.

ತೀರುವಳಿ ಪತ್ರ ಬಂದ ಮೇಲೂ ಓದಿ ನೋಡಿ. ಖಾತೆ ಸಂಖ್ಯೆ ಸರಿ ಇದೆಯಾ? ಸಾಲ ಕಂತು ಕಂತಾಗಿ ಬಿಡುಗಡೆ ಆಗಿದ್ದರೆ ಕೆಲವೊಮ್ಮೆ ಎರಡು ಖಾತೆ ಇರುತ್ತವೆ, ಎರಡಕ್ಕೂ ಪತ್ರ ಬೇಕು. "ಪೂರ್ತಿ ತೀರಿದೆ, ಯಾವುದೇ ಬಾಕಿ ಇಲ್ಲ" ಎಂಬ ಮಾತು ಇರಬೇಕು. 'ಸೆಟ್ಲ್ಡ್' ಎಂಬ ಪದ ಇದ್ದರೆ ತಕ್ಷಣ ಬದಲಾಯಿಸಿಕೊಳ್ಳಿ. ಅದು ಸ್ವಲ್ಪ ಬಿಟ್ಟುಕೊಟ್ಟು ರಾಜಿ ಮಾಡಿಕೊಂಡವರಿಗೆ ಬಳಸುವ ಪದ. ಪೈಸೆ ಪೈಸೆ ಕಟ್ಟಿದವರಿಗಲ್ಲ.

ಹಂತ 5: ಅಡವಿಟ್ಟ ಕಾಗದ ಪತ್ರ ಬಿಡಿಸಿಕೊಳ್ಳಿ

ಚಿಕ್ಕ ಸಾಲಕ್ಕೆ ಅಡಮಾನ ಇರುವುದಿಲ್ಲ. ದೊಡ್ಡ ಸಾಲ, ಅದರಲ್ಲೂ ವಿದೇಶದ ಓದಿಗೆ ಮಾಡಿದ್ದಾದರೆ ಅಪ್ಪನ ಮನೆಯ ಕ್ರಯಪತ್ರವೋ, ಸೈಟಿನ ಪತ್ರವೋ, ಎಫ್‌ಡಿಯೋ, ಎಲ್‌ಐಸಿ ಬಾಂಡೋ ಬ್ಯಾಂಕಿನಲ್ಲಿ ಇರುತ್ತದೆ.

ನಾನು ಸಾಲ ತೀರಿಸುವಾಗ ಇಲ್ಲದ ಒಂದು ಒಳ್ಳೆಯ ನಿಯಮ ಈಗ ಇದೆ. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಹೊರಡಿಸಿ, ಡಿಸೆಂಬರ್ 1ರಿಂದ ಜಾರಿಗೆ ತಂದ ನಿಯಮ ಅದು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು, ಯಾವುದೇ ನೋಂದಣಿಯಲ್ಲಿ ಹಾಕಿದ್ದ ಋಣಭಾರವನ್ನೂ ತೆಗೆಸಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಜೂನ್ 1ಕ್ಕೆ ಸಾಲ ತೀರಿತು, ಪತ್ರ ಕೈಗೆ ಬಂದದ್ದು ಜುಲೈ 12ಕ್ಕೆ ಅನ್ನಿ. ಗಡುವು ಮುಗಿದದ್ದು ಜುಲೈ 1ಕ್ಕೆ. 11 ದಿನಕ್ಕೆ 55,000 ರೂಪಾಯಿ. ಪತ್ರ ಕಳೆದುಹೋಗಿದ್ದರೆ ನಕಲು ತೆಗೆಸಿಕೊಡಲು ಅವರಿಗೆ ಇನ್ನೂ 30 ದಿನ ಸಿಗುತ್ತದೆ. ಆದರೆ ಖರ್ಚು ಅವರದೇ.

ಪತ್ರ ಎಲ್ಲಿ ಪಡೆಯಬೇಕು ಎಂಬುದೂ ನಿಮ್ಮ ಆಯ್ಕೆ. ಸಾಲ ಇದ್ದ ಶಾಖೆಯಲ್ಲಿ, ಇಲ್ಲವೇ ಪತ್ರ ಸಿಗುವ ಅವರ ಬೇರೆ ಕಚೇರಿಯಲ್ಲಿ. ತೆಗೆದುಕೊಳ್ಳುವಾಗ ಕವರ್ ಹಿಡಿದು ಓಡಿ ಬರಬೇಡಿ. ಸಾಲ ಕೊಡುವಾಗ ಅವರು ಬರೆದುಕೊಂಡ ಪತ್ರಗಳ ಪಟ್ಟಿ ಇರುತ್ತದೆ. ಅದನ್ನು ಹಿಡಿದು ಒಂದೊಂದು ಹಾಳೆಯನ್ನೂ ಅಲ್ಲೇ ಎಣಿಸಿ. ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದರೆ ಅದನ್ನೂ ಕೇಳಿ ಪಡೆಯಿರಿ. ಎಲ್‌ಐಸಿ ಬಾಂಡ್ ಕೈಗೆ ಬಂದರೆ ಸಾಲದು, ಅದು ಬ್ಯಾಂಕಿನ ಹೆಸರಿನಿಂದ ಮತ್ತೆ ನಿಮ್ಮ ಹೆಸರಿಗೆ ವರ್ಗ ಆಗಬೇಕು.

ಕರ್ನಾಟಕದವರು ಇನ್ನೆರಡು ಕಡೆ ನೋಡಬೇಕು. ಒಂದು, ಇಸಿ. ಅಡಮಾನವನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಿದ್ದರೆ ಅದು ಋಣಭಾರ ಪತ್ರದಲ್ಲಿ ಕಾಣುತ್ತಲೇ ಇರುತ್ತದೆ. ಬ್ಯಾಂಕಿನವರು ಬಂದು ಡಿಸ್ಚಾರ್ಜ್ ಪತ್ರ ಮಾಡಿಕೊಟ್ಟ ಮೇಲೆ, ಕಾವೇರಿ ಆನ್‌ಲೈನ್‌ನಲ್ಲಿ ಹೊಸ ಇಸಿ ತೆಗೆದು ಆ ಸಾಲು ಬಂದಿದೆಯಾ ನೋಡಿ. ಎರಡು, ಪಹಣಿ. ಜಮೀನು ಅಡವಿಟ್ಟಿದ್ದರೆ ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು, ಸಾಲದ ಮೊತ್ತ ಕೂತಿರುತ್ತದೆ. ಸಾಲ ತೀರಿದರೂ ಅದು ತಾನಾಗೇ ಅಳಿಸಿಹೋಗುತ್ತದೆ ಅಂತ ನಂಬಿ ಕೂರಬೇಡಿ. ಎಷ್ಟೋ ಮನೆಗಳಲ್ಲಿ ಇದು ಗೊತ್ತಾಗುವುದು ಅಣ್ಣ ತಮ್ಮಂದಿರು ಪಾಲಿಗೆ ಕೂತಾಗ, ಇಲ್ಲವೇ ಅಪ್ಪ ಬೆಳೆ ಸಾಲಕ್ಕೆ ಹೋದಾಗ.

ಹಂತ 6: ಸಿಬಿಲ್ ಸರಿ ಮಾಡಿಸಿ, ಅಪ್ಪನದ್ದೂ

ಜನ ಸಿಬಿಲ್ ಅಂತ ಒಂದೇ ಹೆಸರು ಹೇಳುತ್ತಾರೆ, ಆದರೆ ಕ್ರೆಡಿಟ್ ವರದಿ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಪ್ರತಿಯೊಂದರಿಂದಲೂ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ. ನಾಲ್ಕನ್ನೂ ತೆಗೆಯಿರಿ. ಒಂದರಲ್ಲಿ 'ಕ್ಲೋಸ್ಡ್' ಇದ್ದು ಇನ್ನೊಂದರಲ್ಲಿ ಬಾಕಿ ಇರುವುದು ಹೊಸದೇನಲ್ಲ.

ವರದಿಯಲ್ಲಿ ಆ ಸಾಲದ ಮುಂದೆ ನಾಲ್ಕು ಸಂಗತಿ ನೋಡಿ: ಬಾಕಿ ಸೊನ್ನೆ ಇದೆಯಾ, ಓವರ್‌ಡ್ಯೂ ಸೊನ್ನೆ ಇದೆಯಾ, ಮುಚ್ಚಿದ ದಿನಾಂಕ ಬಂದಿದೆಯಾ, ನೀವು ತೀರಿಸಿದ ಮೇಲಿನ ತಿಂಗಳುಗಳಲ್ಲಿ ತಡವಾದ ದಿನಗಳ ಲೆಕ್ಕ ಹತ್ತಿದೆಯಾ.

2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ಹಾಗಾಗಿ ಸಾಲ ತೀರಿಸಿದ ಒಂದು ತಿಂಗಳ ಮೇಲೆ ವರದಿ ತೆಗೆದರೆ ಸಾಕು. ತಪ್ಪಿದ್ದರೆ ಕ್ರೆಡಿಟ್ ಕಂಪನಿಯ ವೆಬ್‌ಸೈಟಿನಲ್ಲಿ ತಕರಾರು ದಾಖಲಿಸಿ, ತೀರುವಳಿ ಪತ್ರ ಇಟ್ಟುಕೊಂಡು ಬ್ಯಾಂಕಿಗೂ ಬರೆಯಿರಿ. 30 ದಿನದಲ್ಲಿ ಸರಿಯಾಗಬೇಕು. ಆಗದಿದ್ದರೆ 2024ರ ಏಪ್ರಿಲ್ 26ರಿಂದ ದಿನಕ್ಕೆ 100 ರೂಪಾಯಿ ಪರಿಹಾರದ ನಿಯಮ ಇದೆ. ಬ್ಯಾಂಕು 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸದಿದ್ದರೆ ಬ್ಯಾಂಕೇ ಕೊಡಬೇಕು. ಕಳಿಸಿದ ಮೇಲೂ ಕ್ರೆಡಿಟ್ ಕಂಪನಿ ತಡ ಮಾಡಿದರೆ ಅದು ಕೊಡಬೇಕು. ಯಾರದ್ದು ತಪ್ಪು ಅಂತ ಅವರವರೇ ಬಡಿದಾಡಿಕೊಳ್ಳಲಿ. ನೀವು ಇಬ್ಬರಿಗೂ ಬರೆದಿದ್ದರೆ ಸಾಕು.

ನಾನು ಮಾಡಿದ ಇನ್ನೊಂದು ತಪ್ಪು ಹೇಳುತ್ತೇನೆ. ನನ್ನ ವರದಿ ಸರಿಯಾದ ಕೂಡಲೇ ನಿರಾಳವಾಗಿ ಕೂತೆ. ಶಿಕ್ಷಣ ಸಾಲದಲ್ಲಿ ಅಪ್ಪನೋ ಅಮ್ಮನೋ ಸಹ ಸಾಲಗಾರರು. ಅದೇ ಸಾಲ ಅವರ ವರದಿಯಲ್ಲೂ ಇರುತ್ತದೆ. ಎಂಟು ತಿಂಗಳ ಮೇಲೆ ಅಪ್ಪ ಟ್ರ್ಯಾಕ್ಟರ್ ಸಾಲಕ್ಕೆ ಹೋದರು, ಅವರನ್ನು ವಾಪಸ್ ಕಳಿಸಿದರು. ಊರ ಶಾಖೆಯಲ್ಲಿ ನಾಲ್ಕು ಜನರ ಮುಂದೆ "ಮಗನ ಸಾಲ ಕಟ್ಟಿಲ್ಲ" ಅನ್ನಿಸಿಕೊಂಡು ಬಂದಿದ್ದರು. ಅವತ್ತು ರಾತ್ರಿ ನನಗೆ ಫೋನ್ ಮಾಡಿ, "ಅವತ್ತು ತೀರಿತು ಅಂದಿದ್ದೆಯಲ್ಲೋ?" ಅಂತ ಕೇಳಿದರು. ಜಾಮೀನು ಹಾಕಿದವರು ಯಾರಾದರೂ ಇದ್ದರೆ ಅವರದ್ದೂ ನೋಡಿ.

ಹಂತ 7: ಆಮೇಲೂ ಕಂತು ಕತ್ತರಿಸುತ್ತಿದ್ದರೆ

ಸಾಲ ತೀರಿದ ಮುಂದಿನ ತಿಂಗಳೂ ಐದನೇ ತಾರೀಖಿಗೆ ಖಾತೆಯಿಂದ ಕಂತು ಹೋಯಿತೇ? ನ್ಯಾಚ್ ಮ್ಯಾಂಡೇಟ್, ಅಂದರೆ ಖಾತೆಯಿಂದ ಕಂತು ತಾನಾಗೇ ಕತ್ತರಿಸಲು ನೀವು ಕೊಟ್ಟ ಅನುಮತಿ, ಇನ್ನೂ ಜೀವಂತ ಇದೆ ಅಂತ ಅರ್ಥ. ಸಾಲ ಕೊಟ್ಟವರಿಗೆ ರದ್ದು ಮಾಡಲು ಬರೆಯಿರಿ, ನಿಮ್ಮ ಉಳಿತಾಯ ಖಾತೆಯ ಬ್ಯಾಂಕಿನಲ್ಲೂ ರದ್ದು ಮಾಡಿಸಿ. ಹೋದ ದುಡ್ಡಿನ ಜೊತೆಗೆ, ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಚಾರ್ಜ್ ಬಿದ್ದಿದ್ದರೆ ಅದನ್ನೂ ಕೇಳಿ. ಇನ್ನೂ ತೀರಿಸದವರಿಗೆ ಒಂದು ಮಾತು: ಕಂತಿನ ತಾರೀಖಿಗೆ ಎರಡು ಮೂರು ದಿನ ಮುಂಚೆ ಸಾಲ ತೀರಿಸಲು ಹೋಗಬೇಡಿ. ಕಂತಿನ ಬೇಡಿಕೆ ಆಗಲೇ ಹೊರಟಿರುತ್ತದೆ. ಕಂತು ಹೋಗಿ ಒಂದು ವಾರದ ಮೇಲೆ ತೀರಿಸುವುದು ಒಳ್ಳೆಯದು.

ಹಂತ 8: ಸಬ್ಸಿಡಿ ಮತ್ತು ವಿಮೆ

ಕುಟುಂಬದ ವರ್ಷದ ಆದಾಯ 4.5 ಲಕ್ಷದೊಳಗಿದ್ದವರಿಗೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009-10ರಿಂದ ಇತ್ತು. ಅದರ ದುಡ್ಡಿನ ವ್ಯವಸ್ಥೆ ನೋಡುವ ನೋಡಲ್ ಬ್ಯಾಂಕ್ ನಮ್ಮ ಬೆಂಗಳೂರಿನ ಕೆನರಾ ಬ್ಯಾಂಕ್. ಈ ದುಡ್ಡು ತಡವಾಗಿ ಬರುತ್ತದೆ. ಅಷ್ಟರಲ್ಲಿ ನೀವೇ ಬಡ್ಡಿ ಕಟ್ಟಿ ಖಾತೆ ಮುಚ್ಚಿಸಿದ್ದರೆ, ಬಂದ ಸಬ್ಸಿಡಿ ಎಲ್ಲಿಗೆ ಹೋಯಿತು? ನನ್ನ ಹೆಸರಿನಲ್ಲಿ ಯಾವ ಯಾವ ವರ್ಷಕ್ಕೆ ಎಷ್ಟು ಕೇಳಿದ್ದೀರಿ, ಎಷ್ಟು ಬಂತು, ಯಾವ ಖಾತೆಗೆ ಹಾಕಿದಿರಿ ಅಂತ ಲಿಖಿತವಾಗಿ ಕೇಳಿ. ಸರ್ಕಾರಿ ವಲಯದ ಬ್ಯಾಂಕಾದರೆ ಇದಕ್ಕೆ ಆರ್‌ಟಿಐ ಹೇಳಿ ಮಾಡಿಸಿದ ದಾರಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಿಮ್ಮದೇ ಖಾತೆಯ ಮಾಹಿತಿ ಕೇಳುತ್ತಿದ್ದೀರಿ, ಗುಟ್ಟು ಅಂತ ತಳ್ಳಿಹಾಕುವ ಹಾಗಿಲ್ಲ.

ಸಾಲದ ಜೊತೆ ಜೀವ ವಿಮೆ ಮಾಡಿಸಿ ಪ್ರೀಮಿಯಂ ಪೂರ್ತಿ ಮೊದಲೇ ಹಿಡಿದುಕೊಂಡಿದ್ದರೆ, ಉಳಿದ ಅವಧಿಯ ಪಾಲು ವಾಪಸ್ ಬರುತ್ತದಾ ಅಂತ ಪಾಲಿಸಿಯ ಷರತ್ತು ಓದಿ. ಇದನ್ನು ಬ್ಯಾಂಕಿಗಲ್ಲ, ವಿಮಾ ಕಂಪನಿಗೆ ಬರೆಯಬೇಕು. ಅಲ್ಲೂ ಆಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ.

ಹಂತ 9: ಒಂಬುಡ್ಸ್‌ಮನ್ ಕಡೆಗೆ

30 ದಿನ ಆಯಿತು, ಉತ್ತರ ಇಲ್ಲ. ಅಥವಾ ಉತ್ತರ ಬಂತು, ಒಪ್ಪಿಗೆಯಾಗಲಿಲ್ಲ. ಆಗ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. 2021ರ ನವೆಂಬರ್ 12ರಿಂದ ಬ್ಯಾಂಕ್, ಫೈನಾನ್ಸ್ ಕಂಪನಿ ಅಂತ ಬೇರೆ ಬೇರೆ ಬಾಗಿಲು ಇಲ್ಲ, ಒಂದೇ ಕಡೆ ದೂರು. ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬಹುದು, ಇಲ್ಲವೇ ಚಂಡೀಗಡದ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಮಾಹಿತಿಗೆ 14448. ಶುಲ್ಕ ಇಲ್ಲ. ವಕೀಲರೂ ಬೇಡ. ವಕೀಲರ ಮೂಲಕ ಕೊಟ್ಟ ದೂರನ್ನು ಅವರು ತೆಗೆದುಕೊಳ್ಳುವುದೂ ಇಲ್ಲ.

ಮೊದಲು ಬ್ಯಾಂಕಿಗೆ ಬರೆಯದೆ ನೇರ ಇಲ್ಲಿಗೆ ಬಂದರೆ ದೂರು ಬಾಗಿಲಲ್ಲೇ ವಾಪಸ್. ಹಂತ 4ರಲ್ಲಿ ಸೀಲಿಗಾಗಿ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಪೋರ್ಟಲ್‌ನಲ್ಲಿ ಕತೆ ಬರೆಯಬೇಡಿ. ತಾರೀಖು, ಮೊತ್ತ, ಮುರಿದ ನಿಯಮ, ನಿಮಗೆ ಬೇಕಾದ ಪರಿಹಾರ, ಇಷ್ಟು. "ನ್ಯಾಯ ಕೊಡಿಸಿ" ಅನ್ನುವ ಬದಲು "11 ದಿನದ ತಡಕ್ಕೆ 55,000 ರೂಪಾಯಿ, ಮತ್ತು ಇಸಿಯಿಂದ ಋಣಭಾರ ತೆಗೆಸುವುದು" ಅಂತ ಬರೆಯಿರಿ. 30 ದಿನ ಮುಗಿದ ವಾರದಲ್ಲೇ ಹಾಕಿಬಿಡಿ, ಮುಂದೂಡಬೇಡಿ.

ಪತ್ತಿನ ಸಹಕಾರ ಸಂಘದಿಂದ ಸಾಲ ತೆಗೆದುಕೊಂಡವರಿಗೆ ಈ ದಾರಿ ಇಲ್ಲ, ಅವರು ಸಹಕಾರ ಇಲಾಖೆಗೆ ಹೋಗಬೇಕು. ಸರ್ಕಾರದ ಅಭಿವೃದ್ಧಿ ನಿಗಮಗಳ 'ಅರಿವು' ಸಾಲ ಪಡೆದವರು ನಿಗಮದ ಜಿಲ್ಲಾ ಕಚೇರಿಯಲ್ಲೇ ಕೇಳಬೇಕು.

ಒಂಬುಡ್ಸ್‌ಮನ್ ಬದಲು ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ, ನೀವು ಈಗ ವಾಸ ಇರುವ ಜಿಲ್ಲೆಯಲ್ಲೇ. ಹಾಸನದಲ್ಲಿ ಸಾಲ, ಬೆಂಗಳೂರಿನಲ್ಲಿ ಕೆಲಸ ಆದರೂ ಬೆಂಗಳೂರಿನಲ್ಲೇ ದೂರು ಕೊಡಬಹುದು. ಆದರೆ ಆಯೋಗದಲ್ಲಿ ಕೇಸು ನಡೆಯುತ್ತಿದ್ದರೆ ಅದೇ ವಿಷಯವನ್ನು ಒಂಬುಡ್ಸ್‌ಮನ್ ನೋಡುವುದಿಲ್ಲ. ನನ್ನ ಮಾತು ಕೇಳುವುದಾದರೆ, ಲೆಕ್ಕದ ತಪ್ಪು, ಶುಲ್ಕ, ಸಿಬಿಲ್ ಇವಕ್ಕೆಲ್ಲ ಮೊದಲು ಒಂಬುಡ್ಸ್‌ಮನ್. ಮೂಲ ಪತ್ರವೇ ಕಳೆದುಹೋಗಿ ಆಸ್ತಿ ಮಾರಾಟ ಮುರಿದುಬಿತ್ತು ಅನ್ನುವಂಥ ದೊಡ್ಡ ನಷ್ಟವಾದರೆ ವಕೀಲರನ್ನು ಕೇಳಿ ಆಯೋಗ.

ಕೊನೆಗೆ, ಆ ಫೈಲ್

ತಕರಾರು ಮುಗಿಯಿತು ಅಂತ ಫೈಲ್ ಎಸೆಯಬೇಡಿ. ತೀರುವಳಿ ಪತ್ರ, ಪೂರ್ತಿ ಸ್ಟೇಟ್‌ಮೆಂಟ್, ಡಿಸ್ಚಾರ್ಜ್ ಪತ್ರ ಇವು ಆಸ್ತಿಪತ್ರದ ಜೊತೆಗೇ ಇರಲಿ. ಬ್ಯಾಂಕಿನ ಯಂತ್ರದಿಂದ ಬರುವ ಆ ತೆಳು ರಸೀದಿ ಇದೆಯಲ್ಲ, ಅದರ ಅಕ್ಷರ ಮಾಸಿಹೋಗುತ್ತದೆ. 2021ರಲ್ಲಿ ನಾನು ಬೀರುವಿನಿಂದ ತೆಗೆದಾಗ ಅದು ಪೂರ್ತಿ ಬಿಳಿ ಚೀಟಿ ಆಗಿತ್ತು. ಕಟ್ಟಿದ ದಿನವೇ ಜೆರಾಕ್ಸ್ ಮಾಡಿಸಿ, ಫೋಟೋ ತೆಗೆದು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. ಅಪ್ಪನ ವಾಟ್ಸ್ಯಾಪ್‌ಗೂ ಒಂದು ಕಳಿಸಿ.